ಟ್ರಸ್ಟಿನ ಹಾಸ್ಟೆಲ್ ಕಟ್ಟಡ: ಎಲ್ಲರೂ ಒಂದೇ ಕರಾರಿಗೆ ಸಹಿ ಹಾಕಿದರೆ ನಷ್ಟ ಯಾರ ತಲೆಗೆ?

ಹದಡಿ ರಸ್ತೆಯವ

ನಮ್ಮ ಟ್ರಸ್ಟಿನಿಂದ ಹೆಣ್ಣುಮಕ್ಕಳ ಹಾಸ್ಟೆಲ್ ಕಟ್ಟಿಸಲು ಹೊರಟಿದ್ದೇವೆ. ದಾವಣಗೆರೆಯಲ್ಲೇ, ಹದಡಿ ರಸ್ತೆ ಕಡೆ ಜಾಗ ಇದೆ. ನೆಲಮಹಡಿ, ಅದರ ಮೇಲೆ ಮೂರು ಅಂತಸ್ತು. ನಾನು ಕಟ್ಟಡ ಸಮಿತಿಯಲ್ಲಿದ್ದೇನೆ. ಕಸುಬು ಬಟ್ಟೆ ವ್ಯಾಪಾರ, ಕಟ್ಟಡದ ವಿಷಯ ಗೊತ್ತಿರೋದು ಅಷ್ಟಕ್ಕಷ್ಟೇ.

ನಮ್ಮ ಆರ್ಕಿಟೆಕ್ಟ್ ಒಂದು ಹೊಸ ಮಾತು ತೆಗೆದಿದ್ದಾರೆ. ಇಂಟಿಗ್ರೇಟೆಡ್ ಪ್ರಾಜೆಕ್ಟ್ ಡೆಲಿವರಿ, ಐಪಿಡಿ ಅಂತೆ. ಡ್ರಾಯಿಂಗ್ ಪೂರ್ತಿ ಆಗುವ ಮೊದಲೇ ಕಂಟ್ರಾಕ್ಟರ್, ಸ್ಟ್ರಕ್ಚರಲ್ ಇಂಜಿನಿಯರ್, ಎಲೆಕ್ಟ್ರಿಕಲ್, ಪ್ಲಂಬಿಂಗ್ ಎಲ್ಲರನ್ನೂ ಕೂರಿಸಬೇಕು. ಎಲ್ಲರೂ ಸೇರಿ ಒಂದು ಟಾರ್ಗೆಟ್ ಮೊತ್ತ ಒಪ್ಪಬೇಕು. ಉಳಿದರೆ ಹಂಚಿಕೊಳ್ಳೋದು, ಜಾಸ್ತಿಯಾದರೆ ಎಲ್ಲರ ಲಾಭದಲ್ಲೂ ಕಡಿತ.

ಸಮಿತಿಯ ಹಿರಿಯರು ಒಪ್ಪುತ್ತಿಲ್ಲ. "ಮೂರು ಕೊಟೇಶನ್ ತಗೊಳ್ಳಿ, ಕಮ್ಮಿ ಹಾಕಿದವನಿಗೆ ಕೊಡಿ, ನೂರು ವರ್ಷದಿಂದ ಹೀಗೇ ಕಟ್ಟಿದ್ದಾರೆ" ಅನ್ನುತ್ತಾರೆ. ದೇಣಿಗೆ ದುಡ್ಡು, ನಾಳೆ ಲೆಕ್ಕ ಕೇಳುವವರು ಊರು ತುಂಬ ಇದ್ದಾರೆ. ನಮ್ಮಂಥ ಊರಲ್ಲಿ ಇದು ನಡೆಯುತ್ತದಾ? ಕೆಲಸ ಹಾಳಾದರೆ ಯಾರ ಕೊರಳಪಟ್ಟಿ ಹಿಡಿಯಬೇಕು?

ಸೆಂಟ್ರಿಂಗ್ ಸಾಮ್ರಾಜ್ಯ

ಕಂಟ್ರಾಕ್ಟರ್ ಕಡೆಯಿಂದ ಹೇಳ್ತೀನಿ, ಬೇಜಾರಾಗಬೇಡಿ.

ಮೂರು ಕೊಟೇಶನ್ ಆಟ ಹೇಗೆ ನಡೆಯುತ್ತೆ ಗೊತ್ತಾ? ನಿಮ್ಮ ಡ್ರಾಯಿಂಗಲ್ಲಿ ಪಾಯದ ಆಳ ಐದಡಿ ಅಂತ ಇರುತ್ತದೆ. ಹದಡಿ ರಸ್ತೆ ಕಡೆ ಎರೆ ಮಣ್ಣು, ಐದಡಿಗೆ ನಿಲ್ಲಲ್ಲ ಅಂತ ನನಗೂ ಗೊತ್ತು, ಪಕ್ಕದ ಕಂಟ್ರಾಕ್ಟರಿಗೂ ಗೊತ್ತು. ಕೊಟೇಶನ್ ಕೇಳಿದ್ದು ಐದಡಿಗೆ, ಹಾಗಾಗಿ ಐದಡಿಗೇ ರೇಟು ಹಾಕ್ತೀವಿ. ನಿಜ ಹೇಳಿ ಎಂಟಡಿಗೆ ಹಾಕಿದವನಿಗೆ ಕೆಲಸ ಸಿಗಲ್ಲ. ಆಮೇಲೆ ಜೆಸಿಬಿ ಇಳಿದ ಮೇಲೆ "ಸಾರ್, ಇದು ಎಕ್ಸ್‌ಟ್ರಾ" ಅಂತ ಶುರು. ಆಗ ನಿಮಗೆ ಬೇರೆ ಕೊಟೇಶನ್ ತರಿಸಲು ಟೈಮ್ ಇರಲ್ಲ, ಗುಂಡಿ ಬಾಯಿ ತೆರೆದು ಕೂತಿರುತ್ತೆ.

ಇನ್ನೊಂದು ದಾರಿ, "ಏನೇ ಬಂದರೂ ಕಂಟ್ರಾಕ್ಟರದೇ ಹೊಣೆ" ಅಂತ ಕರಾರಿನಲ್ಲಿ ಬರೆಸೋದು. ಬರೆಸಿ. ಆ ಭಯದ ದುಡ್ಡನ್ನು ಮೊದಲೇ ರೇಟಿಗೆ ಸೇರಿಸಿರ್ತೀವಿ. ಪಾಯ ಸುಲಭವಾಗಿ ಆದರೂ ಆ ದುಡ್ಡು ವಾಪಸ್ ಬರಲ್ಲ.

ಹಿರಿಯರು ಹೇಳೋ ಮೂರು ಕೊಟೇಶನ್ ತಪ್ಪಲ್ಲ. ಯಾವುದಕ್ಕೆ ಕೊಟೇಶನ್ ಅನ್ನೋದು ಮುಖ್ಯ.

ಎರೆಮಣ್ಣು

ಸ್ಟ್ರಕ್ಚರಲ್ ಇಂಜಿನಿಯರ್, ಇದೇ ಊರು.

ಮೇಲಿನವರು ಹೇಳಿದ್ದು ಸರಿ. ಐಪಿಡಿ ಮಾಡ್ತೀರೋ ಬಿಡ್ತೀರೋ, ಮಣ್ಣಿನ ಪರೀಕ್ಷೆ ಮಾಡಿಸದೆ ಯಾವ ಕರಾರಿಗೂ ಕೈ ಹಾಕಬೇಡಿ. ಈ ಕರಿಮಣ್ಣಿನಿಂದಲೇ ಹತ್ತಿ ಬೆಳೆದು, ಮಿಲ್ಲು ಬಂದು ದಾವಣಗೆರೆ ದೊಡ್ಡದಾಯ್ತು. ಆದರೆ ಕಟ್ಟಡಕ್ಕೆ ಇದು ಒಳ್ಳೆ ಮಣ್ಣಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಕಿಟಕಿ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕು ನೋಡಿದ್ದೀರಲ್ಲ, ಎಷ್ಟು ಸಲ ಪುಟ್ಟಿ ಹಾಕಿದರೂ ಮತ್ತೆ ಬರುತ್ತದೆ. ಅನೇಕ ಸಲ ಅದಕ್ಕೆ ಕಾರಣ ಗೋಡೆಯಲ್ಲ, ಕೆಳಗಿನ ಮಣ್ಣು.

ಒಂದು ಪರೀಕ್ಷೆ ನೀವೇ ಲ್ಯಾಬಿಗೆ ಹೋಗಿ ಕಣ್ಣಾರೆ ನೋಡಿ. ಫ್ರೀ ಸ್ವೆಲ್ ಇಂಡೆಕ್ಸ್ ಅಂತ, ಮಣ್ಣು ಎಷ್ಟು ಉಬ್ಬುತ್ತದೆ ಅನ್ನುವ ಲೆಕ್ಕ, ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿದೆ. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು, 10 ಗ್ರಾಂನಂತೆ ಎರಡು ಪಾಲು. ಎರಡು 100 ಮಿಲಿ ಗಾಜಿನ ಜಾಡಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಳಿಗುಳ್ಳೆ ಹೋಗುವ ಹಾಗೆ ಕಡ್ಡಿಯಲ್ಲಿ ಕದಡಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಲ್ಲಿ ಉಬ್ಬುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆ ಜಾಡಿಯ ಅಳತೆಯಿಂದ ಭಾಗಿಸಿದರೆ ಶೇಕಡಾ ಸಿಗುತ್ತದೆ. ಸೀಮೆಎಣ್ಣೆಯಲ್ಲಿ 10 ಮಿಲಿ, ನೀರಲ್ಲಿ 18 ಮಿಲಿ ಇದ್ದರೆ 80%. 50 ದಾಟಿದರೆ ಹುಷಾರಾಗಬೇಕು.

ಮಣ್ಣು ಹಾಗಿದ್ದರೆ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲ ಕೊರೆದು ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಒಂದು ದಾರಿ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐನವರು ಇಂಥ ಮಣ್ಣಿಗೆಂದೇ ಬೆಳೆಸಿದ ವಿಧಾನ. ಪೈಲಿನ ತಳದಲ್ಲಿ ಗಡ್ಡೆಯ ಹಾಗೆ ದಪ್ಪ ಭಾಗ, ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲ. ಉಬ್ಬು ಕುಗ್ಗು ಮುಟ್ಟದ ಆಳಕ್ಕೆ ಅದನ್ನು ಇಳಿಸಬೇಕು. ಈ ಕೆಲಸದ ತಂಡ ನಿಮ್ಮ ಕಂಟ್ರಾಕ್ಟರ್ ಬಳಿ ಇದೆಯಾ ಅನ್ನೋದು ಡಿಸೈನ್ ಮಾಡುವಾಗಲೇ ನನಗೆ ಗೊತ್ತಿದ್ದರೆ ಒಳ್ಳೇದು. ಇಲ್ಲದಿದ್ದರೆ ನಾನು ಪೈಲ್ ಬರೀತೀನಿ, ಅವರು ಟೆಂಡರ್ ಆದಮೇಲೆ "ಇದು ಆಗಲ್ಲ, ಅಗಲ ಫುಟಿಂಗ್ ಕೊಡಿ" ಅಂತಾರೆ. ಅಲ್ಲಿಗೆ ಡಿಸೈನ್ ಎರಡು ಸಲ. ಮೊದಲೇ ಒಟ್ಟಿಗೆ ಕೂರಿ ಅನ್ನುವುದರಲ್ಲಿ ನನಗೆ ಕಾಣುವ ದೊಡ್ಡ ಲಾಭ ಇದೇ.

ಮಂಡಕ್ಕಿ ಮೆಣಸಿನಕಾಯಿ

ಎಲ್ಲರನ್ನೂ ಒಟ್ಟಿಗೆ ಕೂರಿಸೋದಾದ್ರೆ ವಾಸ್ತು ನೋಡುವವರನ್ನೂ ಮೊದಲ ಮೀಟಿಂಗಿಗೇ ಕರೀರಿ. ನಮ್ಮ ಬೀದಿಯ ಒಂದು ಕಟ್ಟಡದಲ್ಲಿ ಅವರು ಬಂದಿದ್ದು ಪಾಯ ಮುಗಿದು ಪ್ಲಿಂತ್ (ನೆಲಮಟ್ಟದ ಕಟ್ಟೆ) ಆದಮೇಲೆ. ಮೆಟ್ಟಿಲು ಆ ಕಡೆಯಿಂದ ಈ ಕಡೆಗೆ ಬಂತು. ಐಪಿಡಿಯಲ್ಲಿ ಈ ನಷ್ಟ ಯಾರ ಖಾತೆಗೆ?

ಅಳತೆಪುಸ್ತಕ

ಮೇಲಿನದು ತಮಾಷೆ ಅಲ್ಲ, ಒಳ್ಳೇ ಪ್ರಶ್ನೆ. ಉತ್ತರ: ಮಾಲೀಕರ ಖಾತೆಗೆ. ಮಾಲೀಕರು ಮನಸ್ಸು ಬದಲಿಸಿದರೆ ಟಾರ್ಗೆಟ್ ಮೊತ್ತವೇ ಏರುತ್ತದೆ.

ನಾನು ಕ್ವಾಂಟಿಟಿ ಸರ್ವೇಯರ್, ಅಂದರೆ ಕಟ್ಟಡದ ಅಳತೆ, ಖರ್ಚಿನ ಲೆಕ್ಕ ಹಾಕುವವನು. ಈ ಐಪಿಡಿಯ ಮೂಲ ಸ್ವಲ್ಪ ಹೇಳ್ತೀನಿ. 1990ರ ದಶಕದಲ್ಲಿ ಬ್ರಿಟನ್ನಿನ ಉತ್ತರ ಸಮುದ್ರದಲ್ಲಿ ಆಂಡ್ರ್ಯೂ ಅನ್ನುವ ತೈಲ ನಿಕ್ಷೇಪ. ಮಾಮೂಲಿ ಲೆಕ್ಕದಲ್ಲಿ ಲಾಭ ಇಲ್ಲ ಅಂತ ಬಿಪಿ ಕಂಪನಿ ಗುತ್ತಿಗೆದಾರರ ಜೊತೆ ನೋವು-ನಲಿವು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಟಾರ್ಗೆಟ್‌ಗಿಂತ ಕಮ್ಮಿ ದುಡ್ಡಲ್ಲಿ, ಹೇಳಿದ ದಿನಕ್ಕಿಂತ ಮೊದಲೇ 1996ರಲ್ಲಿ ತೈಲ ಬಂತು. ಆಮೇಲೆ ಆಸ್ಟ್ರೇಲಿಯಾದವರು ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಂ ಕಟ್ಟಡವನ್ನು ಇದೇ ರೀತಿ ಕಟ್ಟಿದರು, 2001ರಲ್ಲಿ ತೆರೆಯಿತು. ಅಮೆರಿಕದ ಆರ್ಕಿಟೆಕ್ಟರ ಸಂಸ್ಥೆ ಎಐಎ 2007ರಲ್ಲಿ ಐಪಿಡಿಗೆ ಒಂದು ಕೈಪಿಡಿ ತಂದಿತು. ಅಲ್ಲಿ ಜಾಸ್ತಿ ಬಳಸಿದ್ದು ಆಸ್ಪತ್ರೆ ಕಟ್ಟುವವರು. ಕ್ಯಾಲಿಫೋರ್ನಿಯಾದ ಕ್ಯಾಸ್ಟ್ರೋ ವ್ಯಾಲಿಯಲ್ಲಿ ಸಟ್ಟರ್ ಹೆಲ್ತ್‌ನವರ ಆಸ್ಪತ್ರೆಗೆ ಒಂದೇ ಕರಾರಿನಲ್ಲಿ 11 ಪಾರ್ಟಿಗಳು ಸಹಿ ಹಾಕಿದ್ದರು. ಇವೆಲ್ಲ ದೊಡ್ಡವರ ಮನೆ ಕಥೆ, ನಮ್ಮ ಹಾಸ್ಟೆಲಿಗೆ ಹಾಗೇ ಹೊಂದುವುದಿಲ್ಲ. ದುಡ್ಡಿನ ಕಟ್ಟು ಮಾತ್ರ ಅರ್ಥ ಮಾಡಿಕೊಳ್ಳಿ.

ಸುಮ್ನೆ ಲೆಕ್ಕಕ್ಕೆ ಒಂದು ಅಂಕಿ ಹಿಡಿಯೋಣ. ಕಟ್ಟಲು ನಿಜವಾಗಿ ತಗಲುವ ಖರ್ಚು 3 ಕೋಟಿ 40 ಲಕ್ಷ. ಅನಿರೀಕ್ಷಿತಕ್ಕೆ ಅಂತ 20 ಲಕ್ಷ. ಕಂಟ್ರಾಕ್ಟರ್, ಆರ್ಕಿಟೆಕ್ಟ್, ಇಂಜಿನಿಯರ್ ಎಲ್ಲರ ಲಾಭ ಸೇರಿ 40 ಲಕ್ಷ. ಒಟ್ಟು 4 ಕೋಟಿ.

ಮೊದಲ ಎರಡು ಸೇರಿ 3 ಕೋಟಿ 60 ಲಕ್ಷ. ಖರ್ಚು 3.50 ಕೋಟಿಗೆ ಮುಗಿದರೆ 10 ಲಕ್ಷ ಉಳಿಯಿತು, ಒಪ್ಪಿದ ಪಾಲಿನ ಪ್ರಕಾರ ಹಂಚಿಕೆ. ಖರ್ಚು 3.85 ಆದರೆ 25 ಲಕ್ಷ ಜಾಸ್ತಿ. ಅದು ಆ 40 ಲಕ್ಷದ ಲಾಭದ ಗಂಟಿನಿಂದ ಹೋಗುತ್ತದೆ, ಎಲ್ಲರಿಗೂ ಸೇರಿ 15 ಲಕ್ಷ ಉಳಿಯಿತು. ನಿಮಗೆ ಕಟ್ಟಡ 4 ಕೋಟಿಗೇ ಬಿತ್ತು. ಖರ್ಚು 4.10 ಆದರೆ? ಲಾಭದ ಗಂಟು ಪೂರ್ತಿ ಖಾಲಿ. ಮೇಲಿನ 10 ಲಕ್ಷ ನಿಮ್ಮದೇ. ಕಂಟ್ರಾಕ್ಟರ್ ಲಾಭ ಬಿಡುತ್ತಾನೆ, ಮನೆ ಮಾರಿ ನಿಮ್ಮ ಕಟ್ಟಡ ಕಟ್ಟುವುದಿಲ್ಲ.

ಈ ಕೊನೆಯ ಸಾಲನ್ನು ಸಮಿತಿಗೆ ಓದಿ ಹೇಳಿ. ಐಪಿಡಿಯಲ್ಲಿ ಮಾಲೀಕರಿಗೆ ರಿಸ್ಕೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸೆಂಟ್ರಿಂಗ್ ಸಾಮ್ರಾಜ್ಯ

"ನಿಜವಾಗಿ ತಗಲುವ ಖರ್ಚು" ಅಂದ್ರಲ್ಲ ಸಾರ್, ಅಲ್ಲೇ ಇರೋದು ಗಂಟು. ಅದನ್ನು ಯಾರು ನೋಡ್ತಾರೆ? ನನ್ನ ಪುಸ್ತಕ ತೆರೆದು ತೋರಿಸಬೇಕಾ? ಗಾರೆ ಕೆಲಸದವರಿಗೆ ಶನಿವಾರ ಬಟವಾಡೆ ಕೈಗೆ ಕೊಡೋದು. ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಮರ, ಶೀಟು ನನ್ನದೇ. ಅದಕ್ಕೆ ಬಾಡಿಗೆ ಎಷ್ಟು ಹಿಡೀತೀರಿ? ನಾನು ಸ್ಟೀಲ್ ಅಂಗಡಿಯಲ್ಲಿ ಸಾಲ ಹೇಳಿ ತರ್ತೀನಿ, ಆ ಸಾಲದ ಬಡ್ಡಿ ರೇಟಿನಲ್ಲೇ ಸೇರಿರುತ್ತೆ. ಮೇಲ್ನೋಟಕ್ಕೆ ದುಬಾರಿ ಬಿಲ್ ಕಾಣುತ್ತೆ.

ಇನ್ನೊಂದು. ಹಿಂದೆ ಒಬ್ಬ ಮಾಲೀಕರು "ನಾವೆಲ್ಲ ಒಂದೇ ಕುಟುಂಬ" ಅಂತಲೇ ಶುರು ಮಾಡಿದ್ದು. ಕೊನೆಯ ಬಿಲ್ಲು ಹೊತ್ತಿಗೆ ಪರಿಚಯವೇ ಇಲ್ಲದ ಹಾಗೆ ಮಾತಾಡಿದರು. ಕುಟುಂಬ ಬೇಡ, ಬಿಲ್ ಕೊಟ್ಟ ಎಷ್ಟು ದಿನಕ್ಕೆ ದುಡ್ಡು ಅಂತ ಬರೆದು ಕೊಡಿ. ನನಗೆ ದೊಡ್ಡ ರಿಸ್ಕ್ ಮಣ್ಣಲ್ಲ, ಮಳೆಯಲ್ಲ. ದುಡ್ಡು ತಡ ಆಗೋದು.

ಕೋರ್ಟ್ ಹಾಲ್ ನಂಬರ್ ಎರಡು

ವಕೀಲ. ಕೆಲವು ಕಾನೂನಿನ ಮಾತು, ಇಂಟರ್ನೆಟ್ಟಿನಿಂದ ಅಮೆರಿಕದ ಕರಾರು ಇಳಿಸಿ ಹೆಸರು ಬದಲಿಸುವವರಿಗೆ.

ಐಪಿಡಿ ಕರಾರುಗಳಲ್ಲಿ "ನಾವು ಒಬ್ಬರ ಮೇಲೊಬ್ಬರು ಕೇಸ್ ಹಾಕುವುದಿಲ್ಲ" ಅನ್ನುವ ಷರತ್ತು ಇರುತ್ತದೆ. ನಮ್ಮ 1872ರ ಕರಾರು ಕಾಯ್ದೆಯ 28ನೇ ಕಲಂ ನೋಡಿ. ಹಕ್ಕಿಗಾಗಿ ಕೋರ್ಟಿಗೆ ಹೋಗುವುದನ್ನು ಪೂರ್ತಿ ತಡೆಯುವ ಷರತ್ತು ಅಷ್ಟರ ಮಟ್ಟಿಗೆ ಊರ್ಜಿತವಲ್ಲ. ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪಿಸುವುದಕ್ಕೆ ಅಡ್ಡಿ ಇಲ್ಲ. ಹಾಗಾಗಿ "ಕೇಸ್ ಇಲ್ಲ" ಅಂತ ಬರೆಯುವ ಬದಲು ಮೊದಲು ಸೈಟ್ ಮಟ್ಟದಲ್ಲಿ ಮಾತು, ಆಮೇಲೆ ಸಮಿತಿ, ಆಮೇಲೆ 1996ರ ಕಾಯ್ದೆ ಪ್ರಕಾರ ಮಧ್ಯಸ್ಥಿಕೆ ಅಂತ ಬರೆಸಿ. ಒಂದೊಂದಕ್ಕೂ ದಿನದ ಗಡುವು ಇರಲಿ.

ಎರಡನೇದು ಇನ್ನೂ ಮುಖ್ಯ. ಲಾಭ ನಷ್ಟ ಹಂಚಿಕೊಳ್ಳುತ್ತೇವೆ ಅಂತ ಬರೆದರೆ ನಾಳೆ ಯಾರಾದರೂ "ಇವರೆಲ್ಲ ಪಾಲುದಾರರು" ಅಂತ ವಾದಿಸಬಹುದು. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ಲಾಭ ಹಂಚಿಕೊಂಡ ಮಾತ್ರಕ್ಕೆ ಪಾಲುದಾರಿಕೆ ಆಗಿಬಿಡುವುದಿಲ್ಲ, ಆದರೆ ವಾದಕ್ಕೆ ಎಡೆ ಸಿಗುತ್ತದೆ. ಪಾಲುದಾರರಾದರೆ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಟ್ರಸ್ಟು, ಅದೂ ದೇಣಿಗೆ ಹಣ, ಆ ಜಾಗದಲ್ಲಿ ನಿಲ್ಲಬಾರದು. ಇದು ಪಾಲುದಾರಿಕೆ ಅಲ್ಲ ಅಂತ ಸ್ಪಷ್ಟವಾಗಿ ಬರೆಸಿ, ನಡವಳಿಕೆಯೂ ಹಾಗೇ ಇರಲಿ.

ತಡವಾದರೆ ದಿನಕ್ಕೆ ಇಷ್ಟು ದಂಡ ಅಂತ ಬರೆಸುವವರಿಗೂ ಒಂದು ಮಾತು. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದಷ್ಟು ಪರಿಹಾರ ಸಿಗುತ್ತದೆ. ಭಯ ಹುಟ್ಟಿಸಲು ದೊಡ್ಡ ಅಂಕಿ ಬರೆದರೆ ಉಪಯೋಗ ಕಮ್ಮಿ, ಕೊಟೇಶನ್ ಮಾತ್ರ ಏರುತ್ತದೆ.

ನಿವೃತ್ತ ಎಇಇ

ನಾನು ಸರ್ಕಾರಿ ಇಂಜಿನಿಯರ್ ಆಗಿ ಕೆಲಸದಲ್ಲಿ ಇದ್ದವನು. ಈ ಹೊಸ ಪದ್ಧತಿ ಬಗ್ಗೆ ಅನುಮಾನ ಇದೆ, ಹೇಳಿಬಿಡುತ್ತೇನೆ.

ಸರ್ಕಾರಿ ಕಟ್ಟಡಕ್ಕೆ ನೀವು ಹೇಳಿದ ಹಾಗೆ ಬೇಕಾದ ಕಂಟ್ರಾಕ್ಟರನ್ನು ಮೊದಲೇ ಕರೆದು ಕೂರಿಸಿಕೊಳ್ಳಲು ಬರುವುದಿಲ್ಲ. 1999ರ ಪಾರದರ್ಶಕತೆ ಕಾಯ್ದೆ ಇದೆ, ಟೆಂಡರ್ ಕರೆಯಬೇಕು. ನಿಮ್ಮದು ಖಾಸಗಿ ದುಡ್ಡು, ಆ ಕಟ್ಟು ಇಲ್ಲ. ಆದರೆ ಶಾಸಕರ ನಿಧಿ, ಸರ್ಕಾರದ ಅನುದಾನ ಏನಾದರೂ ಬರುವುದಿದ್ದರೆ ಆ ಭಾಗದ ಕೆಲಸದ ನಿಯಮ ಮೊದಲು ವಿಚಾರಿಸಿ. ಎರಡನ್ನೂ ಕಲಸಬೇಡಿ.

ಡಿಸೈನ್ ಮಾಡುವವ ಬೇರೆ, ಕಟ್ಟುವವ ಬೇರೆ, ಅಳೆಯುವವ ಬೇರೆ ಅಂತ ಹಿಂದಿನವರು ಇಟ್ಟಿದ್ದು ಸುಮ್ನೆ ಅಲ್ಲ. ಮೂವರೂ ಒಂದೇ ಗಂಟಿನಿಂದ ಲಾಭ ತೆಗೆಯುವುದಾದರೆ ತಪ್ಪು ಹಿಡಿಯುವವರು ಯಾರು?

ಒಂದು ಉದಾಹರಣೆ. ಮೋಲ್ಡ್ (ಸ್ಲ್ಯಾಬಿನ ಕಾಂಕ್ರೀಟ್) ಹಾಕಿದ ಮೇಲೆ ಕೆಳಗಿನ ಆಸರೆ ಕಂಬ ಯಾವಾಗ ತೆಗೆಯಬೇಕು? ಮಾಮೂಲಿ ಸಿಮೆಂಟಿನ ಸ್ಲ್ಯಾಬಿಗೆ ಕಾಂಕ್ರೀಟಿನ ಮಾನಕ ಐಎಸ್ 456 ಹೇಳುವುದು, ನಾಲ್ಕೂವರೆ ಮೀಟರ್ ಒಳಗಿನ ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ಇರುವ ಅಂತರ) ಆದರೆ 7 ದಿನ, ಅದಕ್ಕಿಂತ ಜಾಸ್ತಿ ಆದರೆ 14 ದಿನ. 6 ಮೀಟರ್ ದಾಟಿದ ಬೀಮಿಗೆ 21 ದಿನ. ನಿಮ್ಮ ಹಾಸ್ಟೆಲಿನ ಊಟದ ಹಾಲಿನಲ್ಲಿ ಬೀಮ್ 6 ಮೀಟರ್ ದಾಟೇ ದಾಟುತ್ತದೆ. ಈಗ ನೋಡಿ, ಆಸರೆ ಕಂಬ ಒಂದು ವಾರ ಮೊದಲು ತೆಗೆದರೆ ಬಾಡಿಗೆ ಉಳಿಯಿತು, ಮೇಲಿನ ಮಹಡಿ ಬೇಗ ಶುರುವಾಯಿತು. ಉಳಿತಾಯದಲ್ಲಿ ಎಲ್ಲರಿಗೂ ಪಾಲು. ಕಂಟ್ರಾಕ್ಟರಿಗೂ ಪಾಲು, ಬೇಡ ಅನ್ನಬೇಕಾದ ಇಂಜಿನಿಯರಿಗೂ ಪಾಲು. ಬೇಡ ಅನ್ನುತ್ತಾರಾ?

ಮಾಮೂಲಿ ಪದ್ಧತಿಯಲ್ಲಿ ಜಗಳ ಇರುತ್ತದೆ, ನಿಜ. ಆ ಜಗಳದಿಂದಲೂ ಒಂದು ಉಪಯೋಗ ಇದೆ.

ಎರೆಮಣ್ಣು

ಸಾರ್ ಹೇಳಿದ್ದು ನನಗೆ ಚುಚ್ಚಿತು, ಆದರೆ ಸರಿಯಾಗಿದೆ. ನನ್ನ ಫೀಸನ್ನು ಆ ಗಂಟಿಗೆ ಹಾಕಬೇಡಿ ಅಂತ ನಾನೇ ಕೇಳಿಕೊಳ್ಳುತ್ತೇನೆ. ಪೈಲು, ಕಾಲಂ, ಬೀಮು, ಸ್ಲ್ಯಾಬಿನ ವಿಷಯದಲ್ಲಿ ಉಳಿತಾಯಕ್ಕೂ ನನ್ನ ಸಂಬಳಕ್ಕೂ ಸಂಬಂಧ ಇರಬಾರದು. ಟೇಬಲ್ಲಿಗೆ ಮೊದಲ ದಿನದಿಂದ ಬರ್ತೀನಿ, ಫೀಸ್ ಮಾತ್ರ ಫಿಕ್ಸ್.

ವೈರ್‌ಮನ್ ಹರಿಹರ

ನಮ್ಮನ್ನು ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಎಲೆಕ್ಟ್ರಿಕಲ್, ಪ್ಲಂಬಿಂಗ್ ಎರಡೂ ಮಾಡ್ತೀವಿ.

ನಮ್ಮನ್ನು ಕರೆಯೋದೇ ಗೋಡೆ ಎದ್ದ ಮೇಲೆ. ಹಾಸ್ಟೆಲ್ ಅಂದ್ರೆ ಸಾಲಾಗಿ ಬಾತ್‌ರೂಂ. ಟಾಯ್ಲೆಟ್ ಪೈಪು 110 ಎಂಎಂ. ಬಾತ್‌ರೂಂ ಒಂದು ಕಡೆ, ಪೈಪು ಇಳಿಯುವ ಡಕ್ಟ್ ಇನ್ನೊಂದು ಕಡೆ, ನಡುವೆ ಬೀಮು ಅಡ್ಡ ಮಲಗಿರುತ್ತೆ. ಕಾಂಕ್ರೀಟ್ ಹಾಕುವ ಮೊದಲು ಅಲ್ಲಿ ತೂತಿಗೆ ಜಾಗ ಬಿಟ್ಟು, ಸುತ್ತ ಕಂಬಿ ಬಿಗಿ ಮಾಡಿ ಅಂತ ಇಂಜಿನಿಯರ್ ಒಂದು ಗೆರೆ ಎಳೆದಿದ್ರೆ ಸಾಕಿತ್ತು. ಈಗ ಕೋರ್ ಕಟಿಂಗ್ ಮಷಿನ್ ತರಬೇಕು. ಅದು ಕೊರೆಯುವಾಗ ಒಳಗಿನ ಕಂಬಿಯೂ ತುಂಡಾಗುತ್ತೆ. ಹೊರಬಂದ ಕಾಂಕ್ರೀಟ್ ತುಂಡಿನಲ್ಲಿ ಕಂಬಿಯ ಎರಡು ಮಿಣಮಿಣ ಚುಕ್ಕಿ ಕಾಣ್ತವೆ ನೋಡಿ, ಹೊಟ್ಟೆ ಉರಿಯುತ್ತೆ. ಆಮೇಲೆ ಗಿಲಾವು ಬಳಿದು ಮುಚ್ಚಿಬಿಡ್ತಾರೆ, ಯಾರಿಗೂ ಗೊತ್ತಾಗಲ್ಲ.

ಬೆಂಗಳೂರಲ್ಲಿ ಒಂದು ಸೈಟಲ್ಲಿ ಪ್ರತಿ ವಾರ ಎಲ್ಲ ಮೇಸ್ತ್ರಿಗಳನ್ನೂ ನಿಲ್ಲಿಸಿ ಮೀಟಿಂಗ್ ಮಾಡ್ತಿದ್ದರು. ಬಾರ್ ಬೆಂಡರು, ಸೆಂಟ್ರಿಂಗು, ನಾವು. ಗೋಡೆ ಮೇಲೆ ಬಣ್ಣದ ಚೀಟಿ. "ಮುಂದಿನ ವಾರ ನೀನು ಏನು ಮುಗಿಸ್ತೀಯಾ? ಅದಕ್ಕೆ ಯಾರಿಂದ ಏನು ಬೇಕು?" ಅಂತ ಕೇಳೋರು. ಆಗಲ್ಲ ಅನ್ನಲು ಅವಕಾಶ ಇತ್ತು. ಅದು ಹೊಸದು ನಮಗೆ.

ಅಳತೆಪುಸ್ತಕ

ವೈರ್‌ಮನ್ ಹೇಳಿದ್ದು ಲಾಸ್ಟ್ ಪ್ಲಾನರ್ ಪದ್ಧತಿ. ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೋವೆಲ್ ಅನ್ನುವವರು ಬೆಳೆಸಿದ್ದು. ಒಪ್ಪಿಕೊಂಡ ಕೆಲಸಗಳಲ್ಲಿ ಆ ವಾರ ಎಷ್ಟು ಮುಗಿದವು ಅಂತ ಶೇಕಡಾ ಲೆಕ್ಕ ಇಡುತ್ತಾರೆ. ಮುಗಿಯದಿದ್ದರೆ ಬೈಗುಳ ಇಲ್ಲ, ಕಾರಣ ಬರೆಯಬೇಕು. ನಾಲ್ಕು ವಾರ ಬರೆದರೆ ಒಂದೇ ಕಾರಣ ಮತ್ತೆ ಮತ್ತೆ ಬರುವುದು ಕಾಣುತ್ತದೆ. ಇದಕ್ಕೆ ಸಾಫ್ಟ್‌ವೇರ್ ಬೇಡ. ಮೂರು ಆಯಾಮದ ಬಿಐಎಂ ಮಾಡೆಲ್ ಇದ್ದರೆ ಪೈಪು ಬೀಮಿಗೆ ಗುದ್ದುವುದು ಕಂಪ್ಯೂಟರಲ್ಲೇ ಸಿಗುತ್ತದೆ, ಒಳ್ಳೇದು. ಇಲ್ಲದಿದ್ದರೆ ಬಾತ್‌ರೂಂ ಸಾಲಿನ ಒಂದು ದೊಡ್ಡ ಡ್ರಾಯಿಂಗ್ ಪ್ರಿಂಟ್ ಹಾಕಿ, ನಾಲ್ಕು ಜನ ನಾಲ್ಕು ಬಣ್ಣದ ಪೆನ್ನು ಹಿಡಿದು ಕೂತರೂ ನಿಮ್ಮ ಕಟ್ಟಡಕ್ಕೆ ಸಾಕು.

ಕಲ್ಲಿನಕೋಟೆ

ಚಿತ್ರದುರ್ಗದಿಂದ. ನಿಮ್ಮದು ಉಬ್ಬುವ ಮಣ್ಣು, ನಮ್ಮದು ಬಂಡೆ. 1997ರ ತನಕ ಒಂದೇ ಜಿಲ್ಲೆ ಆಗಿದ್ದೆವು, ಆದರೆ ಪಾಯದ ರಿಸ್ಕ್ ಬೇರೆ ಬೇರೆ. ಇಲ್ಲಿ ಮೂರಡಿ ಅಗೆದರೆ ಟಣ್ ಅನ್ನುತ್ತದೆ. ಆಗ ಅದು ಮೆದು ಬಂಡೆಯಾ, ಗಟ್ಟಿ ಬಂಡೆಯಾ ಅಂತ ಜಗಳ. ಎರಡಕ್ಕೂ ರೇಟು ಬೇರೆ. ಸಿಡಿಸಬೇಕು ಅಂದರೆ ಅನುಮತಿ ಬೇಕು, ಪಕ್ಕದಲ್ಲಿ ಮನೆ ಇದ್ದರೆ ಕೈ ಹಾಕುವಂತೆಯೇ ಇಲ್ಲ, ಯಂತ್ರದಲ್ಲಿ ಒಡೆಯಬೇಕು. ನಮ್ಮ ಕೋಟೆ ಕಟ್ಟಿದವರಿಗೆ ಈ ತಾಪತ್ರಯ ಇರಲಿಲ್ಲ. ಬಂಡೆ ಎಲ್ಲಿತ್ತೋ ಅಲ್ಲಿಗೇ ಗೋಡೆ ತಿರುಗಿಸಿಕೊಂಡರು.

ಹೇಳಬೇಕಾದ್ದು ಇಷ್ಟು. "ರಿಸ್ಕ್ ಎಲ್ಲರದು" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಎಲ್ಲರದು ಅಂದರೆ ಯಾರದೂ ಅಲ್ಲ. ಮೊದಲ ಮೀಟಿಂಗಲ್ಲೇ ಒಂದು ಪುಸ್ತಕ ತೆರೆಯಿರಿ. ಒಂದೊಂದು ಸಾಲಿಗೆ ಒಂದು ಭಯ ಬರೆಯಿರಿ. ಅದರ ಮುಂದೆ ಒಬ್ಬರ ಹೆಸರು, ಒಂದೇ ಹೆಸರು. ಅವರು ಏನು ಮಾಡಬೇಕು, ಯಾವ ತಾರೀಖಿನೊಳಗೆ, ಆಗದಿದ್ದರೆ ಎಷ್ಟು ದುಡ್ಡು ಎತ್ತಿಡಬೇಕು. ತಡೆಯುವ ಶಕ್ತಿ ಯಾರ ಕೈಯಲ್ಲಿದೆಯೋ ಅವರ ಹೆಸರು ಬರಬೇಕು. ಕಾಂಕ್ರೀಟಿನ ಗುಣಮಟ್ಟ ಕಂಟ್ರಾಕ್ಟರದು. ಡ್ರಾಯಿಂಗ್ ತಡ ಆರ್ಕಿಟೆಕ್ಟದು. ಮಣ್ಣು, ಜಾಗದ ದಾಖಲೆ, ಪಾಲಿಕೆ ಲೈಸೆನ್ಸ್, ಕರೆಂಟ್ ಸಂಪರ್ಕ ಮಾಲೀಕರದು. ಯಾರ ಕೈಯಲ್ಲೂ ಇಲ್ಲದ್ದು, ಅಂದರೆ ಅಕಾಲ ಮಳೆ, ಸ್ಟೀಲ್ ರೇಟು, ಅಂಥವು ಮಾತ್ರ ಆ ಸಾಮೂಹಿಕ ಗಂಟಿಗೆ ಹೋಗಲಿ.

ನಾನು ನೋಡಿದ ಹೆಚ್ಚಿನ ಕಡೆ ಪುಸ್ತಕ ಚೆಂದಾಗಿ ಶುರುವಾಗಿ, ಪಾಯ ಪೂಜೆಯ ನಂತರ ಯಾರೂ ತೆರೆದಿರಲಿಲ್ಲ. ವಾರದ ಮೀಟಿಂಗು ಶುರುವಾಗುವುದೇ ಆ ಪುಸ್ತಕದಿಂದ ಅಂತ ಮಾಡಿ.

ಹದಡಿ ರಸ್ತೆಯವ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಕಲ್ಲಿನಕೋಟೆಯವರು ಹೇಳಿದ ಹಾಗೆ ಒಂದು ಹಾಳೆಯಲ್ಲಿ ಬರೆಯುತ್ತಾ ಹೋದೆ. ನೋಡಿದರೆ ಅರ್ಧಕ್ಕಿಂತ ಜಾಸ್ತಿ ಸಾಲಿನ ಮುಂದೆ ಟ್ರಸ್ಟಿನ ಹೆಸರೇ ಬರುತ್ತಿದೆ. ದೇಣಿಗೆ ಕಂತಿನಲ್ಲಿ ಬರುವುದು, ಅದು ತಡ ಆಗುವುದು. ದೊಡ್ಡ ದಾನಿಯೊಬ್ಬರು ನಡುವೆ ಬಂದು "ಇನ್ನೊಂದು ಪ್ರಾರ್ಥನಾ ಹಾಲ್ ಸೇರಿಸಿ" ಅನ್ನುವುದು. ಹಾಸಿಗೆ ಎಷ್ಟು ಅಂತಲೇ ಸಮಿತಿಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.

ಇನ್ನೆರಡು ಪ್ರಶ್ನೆ. ಸ್ಟೀಲ್, ಸಿಮೆಂಟ್ ರೇಟಿಗೆ ಏನು ಮಾಡಬೇಕು? ಇನ್ಶೂರೆನ್ಸ್ ಮಾಡಿಸಿದರೆ ಇದೆಲ್ಲ ತಲೆನೋವು ತಪ್ಪುತ್ತದಾ?

ಅಳತೆಪುಸ್ತಕ

ರೇಟಿಗೆ ಸುಲಭದ ದಾರಿ: ಸಹಿ ಹಾಕುವ ದಿನದ ಮೂಲ ದರ ಬರೆಯಿರಿ. ಏರಿದರೆ ವ್ಯತ್ಯಾಸ ಟ್ರಸ್ಟು ಕೊಡುತ್ತದೆ, ಇಳಿದರೆ ಟ್ರಸ್ಟಿಗೆ ವಾಪಸ್. ಎರಡೂ ಕಡೆ ಬರೆಯಬೇಕು. ಏರುವುದನ್ನು ಮಾತ್ರ ಬರೆದು ಕೈ ಸುಟ್ಟುಕೊಂಡವರಿದ್ದಾರೆ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28% ಇದ್ದದ್ದು 18% ಆಯಿತು. ಹಳೇ ಕರಾರುಗಳಲ್ಲಿ ಆ ಇಳಿಕೆ ಯಾರಿಗೆ ಸೇರಬೇಕು ಅಂತ ಬರೆದಿರದ ಕಡೆ ಎಷ್ಟು ವಾದ ಆಗಿರಬೇಕು, ಯೋಚಿಸಿ.

ಟಾರ್ಗೆಟ್ ಲೆಕ್ಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣದ 1% ಸೆಸ್ ಮರೆಯಬೇಡಿ. ಎಲ್ಲರೂ ಮರೆಯುತ್ತಾರೆ. 1996ರ ಕಾಯ್ದೆಯಿಂದ ಶುರುವಾದದ್ದು.

ಇನ್ಶೂರೆನ್ಸ್: ಕಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ತಗೊಳ್ಳಲೇಬೇಕು. ಬೆಂಕಿ, ಪ್ರವಾಹ, ಕುಸಿತ, ಪಕ್ಕದವರ ಆಸ್ತಿಗೆ ಹಾನಿ ಇಂಥದ್ದಕ್ಕೆ. ಆದರೆ ಹೆಸರಲ್ಲಿ ಆಲ್ ರಿಸ್ಕ್ ಇದೆ ಅಂತ ನೆಮ್ಮದಿ ಬೇಡ. ಡಿಸೈನ್ ತಪ್ಪಿನಿಂದ ಆದ ಹಾನಿ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಅದಕ್ಕೆ ಆರ್ಕಿಟೆಕ್ಟ್, ಇಂಜಿನಿಯರ್ ತಮ್ಮ ವೃತ್ತಿಗೆ ಬೇರೆ ಪಾಲಿಸಿ ಇಟ್ಟಿರಬೇಕು. ತಡ ಆಗಿದ್ದಕ್ಕೆ, ರೇಟು ಏರಿದ್ದಕ್ಕೆ ಆಲ್ ರಿಸ್ಕ್ ಪಾಲಿಸಿ ದುಡ್ಡು ಕೊಡುವುದಿಲ್ಲ.

ಪೂರ್ತಿ ಐಪಿಡಿ ನಿಮಗೆ ಬೇಡ ಅಂತ ನನ್ನ ಅನಿಸಿಕೆ. ಎರಡು ಹಂತ ಮಾಡಿ. ಮೊದಲ ಹಂತದಲ್ಲಿ ಕಂಟ್ರಾಕ್ಟರಿಗೆ ಸಣ್ಣ ಫೀಸು ಕೊಟ್ಟು ಡಿಸೈನ್ ಮೀಟಿಂಗಿಗೆ ಕೂರಿಸಿ. ಪುಕ್ಕಟೆ ಸಲಹೆ ಕೇಳಬೇಡಿ, ಪುಕ್ಕಟೆಗೆ ಬಂದವನು ಆಮೇಲೆ ವಸೂಲಿ ಮಾಡ್ತಾನೆ. ಡ್ರಾಯಿಂಗು, ಟಾರ್ಗೆಟ್ ಮೊತ್ತ ಒಪ್ಪಿಗೆಯಾದರೆ ಎರಡನೇ ಹಂತದ ಕರಾರು. ಆಗದಿದ್ದರೆ ಫೀಸು ಕೊಟ್ಟು ಕೈ ಮುಗಿದು, ಅದೇ ಡ್ರಾಯಿಂಗ್ ಹಿಡಿದು ಬೇರೆಯವರ ಬಳಿ ಹೋಗಿ. ಆ ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಟಾರ್ಗೆಟ್ ಉಬ್ಬುವುದಿಲ್ಲ.

ನಿವೃತ್ತ ಎಇಇ

ಇದಕ್ಕೆ ನನ್ನ ಒಪ್ಪಿಗೆ ಇದೆ, ಒಂದು ಷರತ್ತಿನ ಮೇಲೆ. ಕಾಂಕ್ರೀಟ್ ಕ್ಯೂಬ್ ಪರೀಕ್ಷೆ (ಅದೇ ಕಾಂಕ್ರೀಟಿನ ಮಾದರಿ ಗಟ್ಟಿ ಒಡೆದು ಬಲ ನೋಡುವುದು), ಕಂಬಿ ಪರೀಕ್ಷೆ, ಕಾಂಕ್ರೀಟ್ ಹಾಕುವ ಮೊದಲಿನ ಕಂಬಿ ತಪಾಸಣೆ, ಆಸರೆ ಕಂಬ ತೆಗೆಯಲು ಒಪ್ಪಿಗೆ, ಇಷ್ಟನ್ನೂ ಟ್ರಸ್ಟು ನೇರವಾಗಿ ದುಡ್ಡು ಕೊಟ್ಟು ಹೊರಗಿನವರಿಂದ ಮಾಡಿಸಬೇಕು. ಆ ಖರ್ಚು ಟಾರ್ಗೆಟ್ ಮೊತ್ತದ ಹೊರಗೆ ಇರಲಿ. ಉಳಿತಾಯಕ್ಕೆ ಅದು ಸಿಗಬಾರದು. 1951ರಿಂದ ಇಂಜಿನಿಯರಿಂಗ್ ಕಾಲೇಜು ಇರುವ ಊರು ಇದು, ಲ್ಯಾಬು ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕ್ಯೂಬ್ ತುಂಬುವಾಗ ಟ್ರಸ್ಟಿನ ಒಬ್ಬರು ಪಕ್ಕದಲ್ಲೇ ನಿಂತು ತಾರೀಖು ಗೀಚಲಿ. ಇಲ್ಲವಾದರೆ ಬೇರೆ ಕಡೆಯ ಒಳ್ಳೇ ಕ್ಯೂಬ್ ಬಂದು ಕೂರುತ್ತವೆ. ಅದನ್ನೂ ನೋಡಿದ್ದೇನೆ.

ಸೆಂಟ್ರಿಂಗ್ ಸಾಮ್ರಾಜ್ಯ

ಕ್ಯೂಬಿನ ವಿಷಯ ಬಿಡಿ ಸಾರ್, ನಗು ಬರುತ್ತೆ.

ನನ್ನ ಕಡೆಯಿಂದ ಒಂದು. ಪೂರ್ತಿ ಪುಸ್ತಕ ತೆರೆಯೋದು ಕಷ್ಟ ಅಂದೆ. ಮೆಟೀರಿಯಲ್ ಟ್ರಸ್ಟೇ ಅಂಗಡಿಗೆ ನೇರವಾಗಿ ದುಡ್ಡು ಕೊಟ್ಟು ತರಿಸಲಿ. ಸ್ಟೀಲು, ಸಿಮೆಂಟು, ಎಂ ಸ್ಯಾಂಡು, ಜಲ್ಲಿ ಬಿಲ್ಲು ಟ್ರಸ್ಟಿನ ಹೆಸರಿಗೇ ಬರಲಿ. ಲೇಬರಿಗೆ ಚದರಕ್ಕೆ ಇಷ್ಟು ಅಂತ ಫಿಕ್ಸ್ ಮಾಡಿ. ವೇಸ್ಟೇಜ್ ಇಷ್ಟರೊಳಗೆ ಇದ್ದರೆ ನನಗೆ ಬೋನಸ್ ಕೊಡಿ. ಅಲ್ಲಿಗೆ ನನ್ನ ಪುಸ್ತಕದಲ್ಲಿ ಮುಚ್ಚಿಡಲು ಏನೂ ಉಳಿಯಲ್ಲ, ನಾನು ಸಾಲ ಹೇಳೋ ಕೆಲಸವೂ ಇಲ್ಲ. ಆದರೆ ಸಿಮೆಂಟ್ ಲಾರಿ ತಡ ಆಗಿ ನನ್ನ ಹುಡುಗರು ಸುಮ್ನೆ ಕೂತರೆ ಆ ದಿನದ ಕೂಲಿ ನಿಮ್ಮದು. ಒಪ್ಪಿಗೆನಾ?

ಹದಡಿ ರಸ್ತೆಯವ

ಸಮಿತಿ ಸಭೆ ಆಯಿತು. ಜೋರಾಗಿಯೇ ಆಯಿತು.

ಅಳತೆಪುಸ್ತಕ ಅವರ 4 ಕೋಟಿ ಲೆಕ್ಕ ಓದಿದೆ. "4.10 ಆದರೆ ಮೇಲಿನದು ನಮ್ಮದೇ" ಅಂದಾಗ ಹಿರಿಯರೊಬ್ಬರು ಎದ್ದು ಹೊರಟೇಬಿಟ್ಟರು. ಚಹಾ ಕೊಟ್ಟು ಕರೆತಂದು, ಈಗಿನ ಪದ್ಧತಿಯಲ್ಲಿ ಎಕ್ಸ್‌ಟ್ರಾ ಹೆಸರಲ್ಲಿ ಅದೇ ದುಡ್ಡು ಹೋಗುತ್ತದೆ, ಆದರೆ ಮೊದಲೇ ಹೇಳುವವರು ಇರುವುದಿಲ್ಲ ಅಂತ ವಿವರಿಸಿದೆ. ಸುಮ್ಮನಾದರು, ಒಪ್ಪಿದರು ಅಂತ ಹೇಳಲಾರೆ.

ಎರಡು ಹಂತಕ್ಕೆ ಒಪ್ಪಿಗೆ ಸಿಕ್ಕಿದೆ. ಮೂರು ಕೊಟೇಶನ್ ಇದ್ದೇ ಇರುತ್ತದೆ, ಆದರೆ ಕಟ್ಟಡದ ಮೊತ್ತಕ್ಕಲ್ಲ. ಕಂಟ್ರಾಕ್ಟರಿನ ಲಾಭ ಶೇಕಡಾ ಎಷ್ಟು, ಲೇಬರ್ ರೇಟು ಎಷ್ಟು, ಹಿಂದೆ ಮಾಡಿದ ಕೆಲಸ ಯಾವುದು, ಪೈಲ್ ತಂಡ ಇದೆಯಾ, ಇವಕ್ಕೆ. ಹಿರಿಯರ ಮಾತೂ ಉಳಿಯಿತು. ಮೆಟೀರಿಯಲ್ ಟ್ರಸ್ಟಿನ ಹೆಸರಲ್ಲೇ ಖರೀದಿ. ಪರೀಕ್ಷೆ ಖರ್ಚು ಬೇರೆ ಖಾತೆ. ಪಾಯಕ್ಕೆ ಬೇಕಾದಷ್ಟು ಹಣ ಬ್ಯಾಂಕಿನಲ್ಲಿ ಬಂದು ಬೀಳುವ ತನಕ ಗುದ್ದಲಿ ಹಾಕುವುದಿಲ್ಲ ಅಂತ ನಿರ್ಣಯ ಬರೆದೆವು. ಪ್ರಾರ್ಥನಾ ಹಾಲ್ ದಾನಿಗೆ ಯಾರು ಹೇಳುವುದು ಅನ್ನುವುದು ಮಾತ್ರ ಬಾಕಿ, ಎಲ್ಲರೂ ನನ್ನ ಮುಖ ನೋಡಿದರು.

ಮೊದಲು ಮಣ್ಣಿನ ಪರೀಕ್ಷೆಗೆ ಕೊರೆಯುವ ಬೋರ್. ಮೂರು ಕಡೆ ಹಾಕಿಸೋಣ ಅಂತ ಇದ್ದೇವೆ. ಎಲ್ಲೆಲ್ಲಿ?

ಎರೆಮಣ್ಣು

ಜಾಗದ ನಕ್ಷೆ ಕಳಿಸಿ, ಗುರುತು ಹಾಕಿ ಕೊಡ್ತೀನಿ. ಅದಕ್ಕೂ ಮೊದಲು ಒಂದು ಕೆಲಸ. ಅಕ್ಕಪಕ್ಕದ ಹೊಲದ ವಯಸ್ಸಾದವರನ್ನು ಹಿಡಿದು ಕೇಳಿ, ಅಲ್ಲಿ ಹಿಂದೆ ಬಾವಿ, ಹಳ್ಳ, ಗುಂಡಿ ಏನಾದರೂ ಇತ್ತಾ, ಮುಚ್ಚಿದ್ದಾರಾ ಅಂತ. ಮೂರು ಬೋರಿನ ನಡುವೆ ಹಳೇ ಬಾವಿ ತಪ್ಪಿಸಿಕೊಂಡರೆ ರಿಪೋರ್ಟಿನಲ್ಲಿ ಬರುವುದೇ ಇಲ್ಲ.

ಹದಡಿ ರಸ್ತೆಯವ

ಕೇಳಿದೆ. ಇತ್ತಂತೆ. ಈಶಾನ್ಯದ ಮೂಲೆಯಲ್ಲಿ ಕಲ್ಲು ಕಟ್ಟಿದ ಬಾವಿ, ಲೇಔಟ್ ಮಾಡುವಾಗ ಮುಚ್ಚಿದ್ದಾರೆ. ಏನು ತುಂಬಿ ಮುಚ್ಚಿದರು ಅಂತ ಯಾರಿಗೂ ನೆನಪಿಲ್ಲ.

ಎರೆಮಣ್ಣು

ಹಾಗಾದರೆ ನಾಲ್ಕನೇ ಬೋರ್ ಅಲ್ಲೇ. ಪುಸ್ತಕದ ಮೊದಲ ಸಾಲಿನಲ್ಲಿ ಇದನ್ನು ಬರೆದು, ಮುಂದೆ ನನ್ನ ಹೆಸರು ಹಾಕಿ. ಈಶಾನ್ಯ ಅಂದ್ರಲ್ಲ, ವಾಸ್ತು ಪ್ರಕಾರ ಅಲ್ಲೇ ಸಂಪ್ ತೋರಿಸಿರ್ತಾರೆ. ಮುಚ್ಚಿದ ಬಾವಿ ಮೇಲೆ ನೀರಿನ ಸಂಪ್ ಬೇಡ. ಆರ್ಕಿಟೆಕ್ಟಿಗೆ ಇವತ್ತೇ ಫೋನ್ ಮಾಡಿ.

ಮಂಡಕ್ಕಿ ಮೆಣಸಿನಕಾಯಿ

ಹೇಳಿದ್ನಲ್ಲ, ವಾಸ್ತುನವರನ್ನು ಮೊದಲ ಮೀಟಿಂಗಿಗೇ ಕರೀರಿ ಅಂತ.